ಗಾಜಿನ ದೀಪವೂ ಕರ್ತೃವಿನ ಹೆಸರೂ

ದೋಣಿಮಲೈಯ ಮಣ್ಣು ಕೆಂಪು. ಮಳೆಗಾಲದಲ್ಲಿ ಬೆಟ್ಟದಿಂದ ಇಳಿದು ಬರುವ ನೀರು ಸಹ ಕುಂಕುಮವನ್ನು ಕದಡಿದಂತೆ ಇರುತ್ತದೆ. ಇದಕ್ಕೆ ಕಾರಣ ಕಬ್ಬಿಣವೆಂಬುದು ಇಲ್ಲಿಯ ಮಕ್ಕಳಿಗೂ ತಿಳಿದ ಸಂಗತಿ. 1977ರಲ್ಲಿ ಇಲ್ಲಿ ಅದಿರಿನ ಗಣಿಯು ಆರಂಭವಾದ ಮೇಲಂತೂ ಊರಿನ ಜೀವನವೇ ಆ ಕಬ್ಬಿಣದ ಮೇಲೆ ನಿಂತಿತು. ಆದರೆ ಇದೇ ಕಬ್ಬಿಣವು ಗಾಜಿನೊಳಗೆ ಸೇರಿದಾಗ ಕೆಂಪಾಗದೆ ಹಸುರಾಗುವುದೆಂಬುದು ಅಷ್ಟು ಪ್ರಸಿದ್ಧವಲ್ಲ. ಗಾಜಿಗೆ ಮೂಲದ್ರವ್ಯವು ಮರಳು. ಆ ಮರಳಿನಲ್ಲಿ ಕಬ್ಬಿಣದ ಅಂಶವು ಲೇಶಮಾತ್ರವಿದ್ದರೂ ಕರಗಿ ಬಂದ ಗಾಜು ಹಸುರು ಛಾಯೆಯನ್ನು ತಾಳುವುದು. ಹಳೆಯ ಸೀಸೆಗಳ ತಳವನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಈ ಬಣ್ಣ ಪರಿಚಿತ. ಈ ದೋಷವನ್ನು ಕಳೆಯುವುದಕ್ಕಾಗಿ ಗಾಜಿನ ಕೆಲಸದವರು ಸ್ವಲ್ಪ ಮ್ಯಾಂಗನೀಸನ್ನು ಬೆರಸುವುದು ಪುರಾತನವಾದ ಪದ್ಧತಿ. ಪಾಶ್ಚಾತ್ಯ ದೇಶದವರು ಅದನ್ನು ಗಾಜಿನ ಸಾಬೂನೆಂದೇ ಕರೆದರು. ಪ್ರಮಾಣ ಮೀರಿದರೆ ಅದೂ ನೇರಳೆ ಬಣ್ಣವಾಗಿ ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸೂ ಉಂಟು. ಗಾಜನ್ನು ಮಲಿನ ಮಾಡುವ ದ್ರವ್ಯವನ್ನೂ ಆ ಮಾಲಿನ್ಯವನ್ನು ತೊಳೆಯುವ ದ್ರವ್ಯವನ್ನೂ ಪ್ರಕೃತಿಯು ಒಂದೇ ಸೀಮೆಯಲ್ಲಿ ಇರಿಸಿದೆ.

ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಕಾರಣದಲ್ಲಿರುವ ಗುಣವೇ ಕಾರ್ಯದಲ್ಲಿ ಗುಣವನ್ನು ಹುಟ್ಟಿಸುವುದೆಂದು ನೈಯಾಯಿಕರು ಹೇಳುತ್ತಾರೆ. ಕೆಂಪು ನೂಲಿನಿಂದ ನೆಯ್ದ ಬಟ್ಟೆ ಕೆಂಪಾಗಿಯೇ ಇರುವುದು. ಆದರೆ ಅವರು ಇಲ್ಲಿ ಒಂದು ವಿವೇಕವನ್ನು ಮಾಡಿದ್ದಾರೆ. ಹೀಗೆ ಗುಣವನ್ನು ಕೊಡುವುದು ಸಮವಾಯಿಕಾರಣ, ಅಂದರೆ ನೂಲು, ಮಣ್ಣು, ಮರಳು ಮೊದಲಾದ ದ್ರವ್ಯ. ನೇಕಾರನೂ ಕುಂಬಾರನೂ ನಿಮಿತ್ತಕಾರಣರು. ಅವರ ಗುಣವು ಕಾರ್ಯಕ್ಕೆ ಹರಿಯುವುದಿಲ್ಲ. ನೆಯ್ದವನು ಕಪ್ಪಗಿದ್ದನೆಂದು ಬಟ್ಟೆ ಕಪ್ಪಾಗದು. ಕುಂಬಾರನು ಹಸಿದಿದ್ದನೆಂದು ಗಡಿಗೆ ಕೃಶವಾಗದು. ಗಡಿಗೆಯನ್ನು ನೋಡಿ, ಇದನ್ನು ಮಾಡಿದವನೊಬ್ಬನಿರಬೇಕೆಂದು ಅನುಮಾನದಿಂದ ತಿಳಿಯಬಹುದೇ ಹೊರತು ಅವನು ಯಾರೆಂದು ತಿಳಿಯುವ ಉಪಾಯವು ಗಡಿಗೆಯಲ್ಲಿಲ್ಲ. ಅದಕ್ಕೆ ಶಬ್ದವೊಂದೇ ಪ್ರಮಾಣ. ಬಲ್ಲವರು ಬಾಯಿಬಿಟ್ಟು ಹೇಳಬೇಕು, ಇಲ್ಲವೆ ಬರೆದಿಡಬೇಕು. ಹಸುರು ಗಾಜು ತನ್ನೊಳಗಿನ ಕಬ್ಬಿಣದ ಸುದ್ದಿಯನ್ನು ತಾನೇ ಹೇಳುತ್ತದೆ; ಊದಿದವನ ಉಸಿರಿನ ಸುದ್ದಿಯನ್ನು ಹೇಳುವುದಕ್ಕೆ ಮನುಷ್ಯರೇ ಬೇಕು. ಹಾಗಾದರೆ ಹೇಳಬಲ್ಲವರು ಸುಮ್ಮನಿದ್ದರೆ ಅದು ಬರಿಯ ಅಲಕ್ಷ್ಯವೋ, ಅಥವಾ ಅದರಲ್ಲಿ ಅಧರ್ಮದ ಲೇಪವೂ ಉಂಟೋ? ಗೃಹಾಲಂಕಾರದ ಗಾಜಿನ ವಸ್ತುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ನನ್ನ ಉದ್ದೇಶ.

ನಮ್ಮ ಸುಭಾಷಿತಕಾರರಿಗೆ ಗಾಜಿನ ಮೇಲೆ ಪ್ರೀತಿಯಿರಲಿಲ್ಲ. ರತ್ನದ ಮಹಿಮೆಯನ್ನು ಹೇಳಬೇಕಾದಾಗಲೆಲ್ಲ ಪಕ್ಕದಲ್ಲಿ ಒಂದು ಗಾಜಿನ ಚೂರನ್ನು ತಂದಿರಿಸಿ ಅದನ್ನು ಅವಮಾನಪಡಿಸುವುದು ಅವರ ರೂಢಿ. ಈ ತಾರತಮ್ಯವನ್ನು ಲೆಕ್ಕಿಸದೆ ಗಾಜನ್ನು ಗಾಜಾಗಿಯೇ ಆದರಿಸಿದವರಲ್ಲಿ ಒಬ್ಬನು ರತ್ನವ್ಯಾಪಾರಿಯ ಮಗನೇ ಆಗಿದ್ದುದು ವಿನೋದವಾಗಿದೆ. ನ್ಯೂಯಾರ್ಕ್ ನಗರದ ಲೂಯಿ ಕಂಫರ್ಟ್ ಟಿಫನಿ (1848–1933) ಎಂಬಾತನ ತಂದೆಯದು ವಜ್ರವೈಡೂರ್ಯಗಳ ದೊಡ್ಡ ಅಂಗಡಿ. ಮಗನ ಮನಸ್ಸು ಮಾತ್ರ ಗಾಜಿನಲ್ಲಿ ನೆಟ್ಟಿತು. 1885ರಲ್ಲಿ ಆತನು ಗಾಜಿನ ಸಂಸ್ಥೆಯೊಂದನ್ನು ಸ್ಥಾಪಿಸಿದನು. 1893ರಲ್ಲಿ ಕರೋನ ಎಂಬಲ್ಲಿ ಅದರ ಕುಲುಮೆಗಳು ಉರಿಯತೊಡಗಿದುವು. ಮುಂದೆ ಆ ಸಂಸ್ಥೆಗೆ ಟಿಫನಿ ಸ್ಟುಡಿಯೋಸ್ ಎಂಬ ಹೆಸರಾಯಿತು. ಚರ್ಚುಗಳ ಬಣ್ಣದ ಕಿಟಕಿಗಳಲ್ಲದೆ, ಶ್ರೀಮಂತರ ಮನೆಗಳಿಗೆ ಬೇಕಾದ ಹೂದಾನಿ, ಮೇಜಿನ ದೀಪ, ಮಸಿಕುಡಿಕೆ, ಲೇಖನಿಯ ತಟ್ಟೆ ಮುಂತಾದ ನೂರಾರು ಬಗೆಯ ಸಾಮಾನುಗಳು ಅಲ್ಲಿಂದ ಹೊರಟುವು. ದ್ರಾಕ್ಷಿಯ ಬಳ್ಳಿಯಂತೆ ಕೊರೆದ ಲೋಹದ ಜಾಲರಿ, ಅದರ ಹಿಂದೆ ಹಸುರು ಗಾಜು, ಹೀಗಿರುವ ಮಸಿಕುಡಿಕೆಯೊಂದರ ಚಿತ್ರವನ್ನು ನೋಡಿದಾಗ, ಕೆಂಪು ಮಸಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿಯೇ ಮುದುಕನಾದ ನನಗೆ ಕೊಂಚ ಅಸೂಯೆಯಾಯಿತೆಂಬುದನ್ನು ಮರೆಮಾಚುವುದಿಲ್ಲ.

ಆ ಸಂಸ್ಥೆಯ ಗಾಜಿಗೆ ಒಂದು ವಿಶೇಷವಿತ್ತು. ನೆಲದಲ್ಲಿ ಶತಮಾನಗಳ ಕಾಲ ಹೂತಿದ್ದ ರೋಮನರ ಗಾಜಿನ ಪಾತ್ರೆಗಳನ್ನು ಅಗೆದು ತೆಗೆದಾಗ ಅವುಗಳ ಮೇಲೆ ನವಿಲಿನ ಕತ್ತಿನ ಹೊಳಪಿನಂತಹ ಒಂದು ಪೊರೆ ಕಾಣುತ್ತದೆ. ಕಾಲವು ಮಾಡಿದ ಈ ಕೆಲಸವನ್ನು ಕುಲುಮೆಯಲ್ಲಿಯೇ ಮಾಡಿಸಬೇಕೆಂದು ಬಿಸಿಯಾದ ಗಾಜಿನ ಮೇಲೆ ಲೋಹದ ಲವಣಗಳ ಹೊಗೆಯನ್ನು ಹಾಯಿಸಿದರು. ಹೀಗೆ ಬಂದ ಗಾಜಿಗೆ ಫಾವ್ರೀಲ್ ಎಂಬ ವ್ಯಾಪಾರದ ಹೆಸರನ್ನಿಟ್ಟು 1894ರಲ್ಲಿ ನೋಂದಾಯಿಸಿದರು. ಪದದ ಮೂಲವನ್ನು ಹುಡುಕುವ ಚಟವುಳ್ಳವರು ಇದನ್ನು ಗಮನಿಸಬೇಕು: ಕೈಯಿಂದ ಮಾಡಿದ್ದು ಎಂಬ ಅರ್ಥದ ಹಳೆಯ ಮಾತೊಂದನ್ನು ತಿದ್ದಿ ಆ ಹೆಸರನ್ನು ಕಟ್ಟಿದುದು. ಕೈಯಿಂದ ಮಾಡಿದ್ದೆಂದು ಹೆಸರೇ ಸಾರುತ್ತದೆ. ಯಾರ ಕೈಯೆಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಕೈಗಳು ಹಲವು ಇದ್ದುವು. ಕುಲುಮೆಯ ಕೆಲಸವು ಇಂಗ್ಲೆಂಡಿನಿಂದ ಬಂದ ಆರ್ಥರ್ ನ್ಯಾಶ್ ಎಂಬ ನಿಪುಣನ ಕೈಯಲ್ಲಿತ್ತು. ದೀಪಗಳ ವಿಷಯವು ಇನ್ನೂ ಸ್ವಾರಸ್ಯವಾಗಿದೆ. 1892ರಲ್ಲಿ ಸಂಸ್ಥೆಯು ಗಾಜನ್ನು ಕತ್ತರಿಸುವುದಕ್ಕೆಂದು ಸ್ತ್ರೀಯರ ವಿಭಾಗವೊಂದನ್ನು ತೆರೆಯಿತು. ಅದರ ಮುಖ್ಯಸ್ಥೆ ಒಹಾಯೋ ಸೀಮೆಯ ಕ್ಲಾರಾ ಡ್ರಿಸ್ಕಾಲ್. ದೀಪದ ಮೇಲಿನ ಛತ್ರಿಯನ್ನು ಆ ಹೆಂಗಸರು ಕಟ್ಟುತ್ತಿದ್ದ ರೀತಿ ಹೀಗೆ: ಮೊದಲು ಚಿತ್ರವನ್ನು ಬರೆದು, ಅದನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿಯೊಂದು ತುಂಡಿಗೂ ತಕ್ಕ ಬಣ್ಣ, ತಕ್ಕ ನಿರಿ, ತಕ್ಕ ಮಬ್ಬು ಇರುವ ಗಾಜಿನ ಭಾಗವನ್ನು ಹಾಳೆಗಳಲ್ಲಿ ಹುಡುಕಬೇಕು. ಅದನ್ನು ಕತ್ತರಿಸಿ ಅಂಚಿಗೆಲ್ಲ ತಾಮ್ರದ ತೆಳುಪಟ್ಟಿಯನ್ನು ಸುತ್ತಬೇಕು. ಅನಂತರ ಅವನ್ನು ಅಚ್ಚಿನ ಮೇಲೆ ಒಂದರ ಪಕ್ಕದಲ್ಲೊಂದು ಜೋಡಿಸಿ ಬೆಸುಗೆ ಹಾಕುವುದು. ವಿಸ್ಟೀರಿಯ ಎಂಬ ಬಳ್ಳಿಯ ನೇರಳೆ ಗೊಂಚಲುಗಳಂತೆ ಇಳಿಬಿದ್ದಿರುವ ಒಂದು ದೀಪಕ್ಕೆ ಸುಮಾರು 2,000 ತುಂಡುಗಳು ಬೇಕಾಗಿದ್ದುವು. ಈ ದೀಪವೂ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕವನ್ನು ಪಡೆದ ಕೊಡತಿ ಹುಳುವಿನ ದೀಪವೂ—ಕೆರೆಯ ಮೇಲೆ ಹಾರುವ, ನಾಲ್ಕು ರೆಕ್ಕೆಯ ಹುಳುವನ್ನು ಹೇಳುತ್ತಿದ್ದೇನೆ—ಡ್ರಿಸ್ಕಾಲಳ ಕಲ್ಪನೆ. 1904ರಲ್ಲಿ ಪತ್ರಿಕೆಯೊಂದು ಅಮೆರಿಕದಲ್ಲಿ ಹೆಚ್ಚು ಸಂಪಾದಿಸುವ ಸ್ತ್ರೀಯರಲ್ಲಿ ಆಕೆಯನ್ನು ಹೆಸರಿಸಿತು. ಅಷ್ಟರ ಮೇಲೆ ಮರೆವು. ದೀಪಗಳ ಅಡಿಯಲ್ಲಿ ಒತ್ತಿದ್ದುದು ಸಂಸ್ಥೆಯ ಹೆಸರು. ಪುಸ್ತಕಗಳಲ್ಲಿ ನಿಂತುದು ಟಿಫನಿಯ ಹೆಸರು. ಆಕೆ ತನ್ನ ಮನೆಯವರಿಗೆ ಬರೆದ ಕಾಗದಗಳು ಸುಮಾರು ನೂರು ವರ್ಷಗಳ ಅನಂತರ ವಿದ್ವಾಂಸರ ಕಣ್ಣಿಗೆ ಬಿದ್ದು, 2007ರಲ್ಲಿ ನ್ಯೂಯಾರ್ಕಿನ ಐತಿಹಾಸಿಕ ಸಂಘದವರು ಈ ವಿಷಯವಾಗಿಯೇ ಪ್ರದರ್ಶನವನ್ನು ನಡೆಸಿದ ಮೇಲೆ ಲೋಕಕ್ಕೆ ನಿಜ ತಿಳಿಯಿತು. ಅದಕ್ಕೆ ಹತ್ತು ವರ್ಷ ಮೊದಲೇ, 1997ರಲ್ಲಿ, ಆ ಸಂಸ್ಥೆಯ ಕೆಂದಾವರೆಯ ದೀಪವೊಂದು ಹರಾಜಿನಲ್ಲಿ 28 ಲಕ್ಷ ಡಾಲರುಗಳಿಗೆ ಮಾರಾಟವಾಗಿತ್ತು.

ಇದರಲ್ಲಿ ತಪ್ಪೇನೆಂದು ಕೇಳುವವರ ಪಕ್ಷವನ್ನು ಬಲವಾಗಿಯೇ ಮಂಡಿಸಬೇಕು. ದುರ್ಬಲವಾದ ಪೂರ್ವಪಕ್ಷವನ್ನು ಗೆದ್ದು ಪ್ರಯೋಜನವಿಲ್ಲ. ಹಣ ಹೂಡಿದವನು ಟಿಫನಿ. ನಷ್ಟವನ್ನು ಹೊತ್ತವನು ಅವನು. 1932ರ ಹೊತ್ತಿಗೆ ಸಂಸ್ಥೆಯು ದಿವಾಳಿಯೆದ್ದಿತು. ನಿಸರ್ಗವನ್ನೇ ಮಾದರಿಯಾಗಿ ಇಟ್ಟುಕೊಳ್ಳಬೇಕೆಂಬ ರುಚಿಯೂ ಅವನದು. ಡ್ರಿಸ್ಕಾಲಳಿಗೆ ಒಳ್ಳೆಯ ಸಂಬಳ ಸಂದಿತ್ತು. ಗಂಡಸರ ಕಾರ್ಮಿಕ ಸಂಘವು ಹೆಂಗಸರ ವಿಭಾಗದ ಮೇಲೆ 1903ರಲ್ಲಿ ಜಗಳ ತೆಗೆದಾಗ ಅದನ್ನು ಮುಚ್ಚದೆ ಉಳಿಸಿಕೊಂಡವನೂ ಅವನೇ. ಇಂತಹವನು ತನ್ನ ಹೆಸರನ್ನು ಒತ್ತಿದರೆ ಅನ್ಯಾಯವೆಲ್ಲಿ? ನಮ್ಮ ಮೀಮಾಂಸಕರೂ ಈ ಪಕ್ಷದ ಬೆಂಬಲಕ್ಕೆ ಬರುವಂತೆ ತೋರುತ್ತದೆ. ಯಾಗವನ್ನು ಕೈಯಾರೆ ನಡೆಸುವವರು ಋತ್ವಿಜರು. ಅದರ ಫಲವಾದರೋ ಯಜಮಾನನಿಗೆ. ಋತ್ವಿಜರಿಗೆ ದಕ್ಷಿಣೆ ಸಲ್ಲುತ್ತದೆ, ಅಲ್ಲಿಗೆ ಅವರ ಅಧಿಕಾರವು ಮುಗಿಯಿತು. ಇದು ಜೈಮಿನಿಯ ಶಾಸ್ತ್ರದಲ್ಲಿ ನಿರ್ಣೀತವಾದ ವಿಷಯ. ಕಾರ್ಖಾನೆಯ ಒಡೆಯನನ್ನು ಯಜಮಾನನೆಂದು ನಾವು ಕರೆಯುವುದು ಸುಮ್ಮನೆ ಅಲ್ಲ.

ಈ ದೃಷ್ಟಾಂತವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಅದನ್ನು ಪೂರ್ತಿಯಾಗಿ ಒಪ್ಪಬೇಕು. ಯಾಗದಲ್ಲಿ ಫಲವು ಯಜಮಾನನದೆಂಬುದು ನಿಜ. ಆದರೆ ಯಾಗವು ಆರಂಭವಾಗುವುದು ಋತ್ವಿಗ್ವರಣದಿಂದ. ಯಜಮಾನನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಪ್ರಾರ್ಥಿಸಿ, ಇಂತಹ ನೀವು ನನಗೆ ಹೋತೃವಾಗಬೇಕು, ಇಂತಹ ನೀವು ಅಧ್ವರ್ಯುವಾಗಬೇಕು ಎಂದು ಎಲ್ಲರೆದುರಿಗೆ ಕೇಳಿಕೊಂಡು ಗೌರವಿಸುತ್ತಾನೆ. ಸೋಮಯಾಗದಲ್ಲಿ 16 ಮಂದಿ ಋತ್ವಿಜರು; 16 ಮಂದಿಗೂ ಬೇರೆ ಬೇರೆ ಪದವಿ, ಬೇರೆ ಬೇರೆ ಕೆಲಸ. ಆಹುತಿಯನ್ನು ಹಾಕಿದವನು ಯಾರು, ಸಾಮವನ್ನು ಹಾಡಿದವನು ಯಾರು ಎಂಬುದು ಅಲ್ಲಿ ಕ್ಷಣಕಾಲವೂ ಮರೆಯಾಗುವುದಿಲ್ಲ. ತನಗೆ ಫಲ ಬರಲೆಂದು ಅಧ್ವರ್ಯುವನ್ನು ತೆರೆಯ ಹಿಂದೆ ನಿಲ್ಲಿಸುವ ವಿಧಿ ಯಾವ ಸೂತ್ರದಲ್ಲಿಯೂ ಇಲ್ಲ. ಎಂದರೆ ಫಲ, ದಕ್ಷಿಣೆ, ವರಣ ಈ ಮೂರೂ ಬೇರೆ ಬೇರೆ. ಫಲವು ಒಡೆಯನಿಗೆ ಸೇರಲಿ. ದಕ್ಷಿಣೆಯು ಡ್ರಿಸ್ಕಾಲಳಿಗೆ ಸೇರಿತ್ತು. ಸೇರದೆ ಹೋದುದು ವರಣ. ಸಂಬಳವನ್ನು ಹೆಚ್ಚಿಸಿ ಅದನ್ನು ತುಂಬಿಕೊಡಲಾಗುವುದಿಲ್ಲ. ಒಂದು ಋಣವನ್ನು ಇನ್ನೊಂದರ ಖಾತೆಯಲ್ಲಿ ತೀರಿಸಿದಂತಾಗುತ್ತದೆ.

ಇನ್ನೊಂದು ಆಕ್ಷೇಪವು ನಮ್ಮವರಿಗೆ ಪ್ರಿಯವಾದದ್ದು. ಹೆಸರಿನ ಹಂಬಲವು ಪಶ್ಚಿಮದವರದು, ನಮ್ಮ ಶಿಲ್ಪಿಗಳು ಹೆಸರನ್ನೇ ತ್ಯಜಿಸಿ ದೇವರಿಗೆ ಅರ್ಪಿಸಿದರು, ಹಂಪೆಗೆ ಹೋಗಿ ನೋಡಿ ಎಂದು ಹೇಳುತ್ತಾರೆ. ಹಂಪೆಗೆ ಹೋದವರು ಬೇಲೂರಿಗೂ ಹೋಗಬೇಕು. ಅಲ್ಲಿಯ ಮದನಿಕೆಯರ ಪಾದದ ಬಳಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನೂ ಊರನ್ನೂ ಕೊರೆದಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಒಂದಲ್ಲ, ಹಲವು ವಿಗ್ರಹಗಳ ಕೆಳಗೆ ಸಿಗುತ್ತದೆ. ಅವರ ಭಕ್ತಿಗೆ ಅದರಿಂದ ಕುಂದು ಬಂದಿತೆಂದು ಯಾರೂ ಹೇಳಿದ್ದಿಲ್ಲ. ಅಲ್ಲದೆ ತ್ಯಾಗವೆಂಬ ಪದವನ್ನು ಹೀಗೆ ಹಗುರವಾಗಿ ಬಳಸುವುದು ಶಾಸ್ತ್ರಸಮ್ಮತವಲ್ಲ. ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನು ಉಂಟುಮಾಡುವುದು ದಾನವೆಂದು ಧರ್ಮಶಾಸ್ತ್ರಜ್ಞರ ಲಕ್ಷಣ. ಮೊದಲು ಸ್ವತ್ವವಿರಬೇಕು; ಆಮೇಲೆ ಬಿಡುವ ಮಾತು. ಹೆಸರನ್ನು ಹಾಕುವ ಅವಕಾಶವೇ ದೊರೆಯದಿದ್ದ ಕೆಲಸದವನು ಹೆಸರನ್ನು ತ್ಯಜಿಸಿದನೆಂದು ಹೊಗಳಿದರೆ, ಊಟವಿಲ್ಲದವನನ್ನು ಉಪವಾಸವ್ರತ ಹಿಡಿದವನೆಂದು ಹೊಗಳಿದಂತಾಗುತ್ತದೆ. ಇಂತಹ ಹೊಗಳಿಕೆಯಿಂದ ಹೊಗಳುವವನಿಗೇ ಹೆಚ್ಚು ಅನುಕೂಲ.

ನಮ್ಮ ನಾಡಿನ ಗಾಜಿನ ಚರಿತ್ರೆಯಲ್ಲಿ ಇದಕ್ಕೆ ಉದಾಹರಣೆಯನ್ನು ಬಹು ದೂರ ಹುಡುಕಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಎಂಬ ಊರಿದೆ. ಟಿಪ್ಪುವಿನ ಪತನಾನಂತರ 1800–01ರಲ್ಲಿ ಈ ಸೀಮೆಯಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅಲ್ಲಿಯ ಗಾಜಿನ ಬಳೆಗಳ ಕೆಲಸವನ್ನು ಕಂಡು ವರ್ಣಿಸಿದ್ದಾನೆ. ಮುಂದೆ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿಯೂ ಅದರ ವಿವರವಿದೆ. ಊರಿನ ಕೋಟೆಯ ಗೋಡೆಗೆ ಒಳಗಡೆ ಒತ್ತಿಕೊಂಡಂತೆ ಕಟ್ಟಿದ ಜಗಲಿ, ಅದರಲ್ಲಿ ಬೋರಲು ಹಾಕಿದ ಬಟ್ಟಲಿನಂತಹ ಕುಲುಮೆಗಳು, ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಬಳೆಗಳು. ಬೇಕಾದ ದ್ರವ್ಯಗಳೆಲ್ಲ ಸುತ್ತಮುತ್ತಲೇ ದೊರೆಯುತ್ತಿದ್ದುವು. ಯಾವ ದ್ರವ್ಯದಿಂದ ಯಾವ ಬಣ್ಣ ಬರುವುದೆಂದು ಅವರಿಗೆ ತಿಳಿದಿದ್ದುದು ಕರೋನದ ಕುಲುಮೆಗಿಂತ ಕನಿಷ್ಠಪಕ್ಷ ತೊಂಬತ್ತು ವರ್ಷ ಮೊದಲು. ಬುಕನನ್ನನ ಹೆಸರು ಉಳಿದಿದೆ, ರೈಸರ ಹೆಸರು ಉಳಿದಿದೆ. ಆ ಹಳದಿಯನ್ನೂ ಆ ನೀಲಿಯನ್ನೂ ಬರಿಸಿದ ಕೆಲಸದವರಲ್ಲಿ ಒಬ್ಬನ ಹೆಸರನ್ನಾದರೂ ನಮ್ಮ ಮನೆಗಳಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬಳೆಗಾರನ ಹೆಸರು ಮಾತ್ರ ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಅವನು ಬಾಗಿಲಿಗೆ ಬರುತ್ತಿದ್ದನು, ತವರಿನ ಸುದ್ದಿಯನ್ನು ತರುತ್ತಿದ್ದನು, ಹೆಣ್ಣುಮಕ್ಕಳ ಕೈಯ ಅಳತೆಯನ್ನು ಬಲ್ಲವನಾಗಿದ್ದನು. ಬಾಗಿಲಿಗೆ ಬಂದವನ ಹೆಸರು ಉಳಿಯುತ್ತದೆ, ಬೆಂಕಿಯ ಮುಂದೆ ಕುಳಿತವನ ಹೆಸರು ಉಳಿಯುವುದಿಲ್ಲ. ನ್ಯೂಯಾರ್ಕಿನಲ್ಲಿ ಆದದ್ದೂ ಇದೇ. ಹಾಗೆಂದು ಬಳೆಗಾರನನ್ನು ದೂಷಿಸುವಂತಿಲ್ಲ. ಅವನು ಯಾರ ಕೆಲಸವನ್ನೂ ತನ್ನದೆಂದು ಹೇಳಿಕೊಳ್ಳಲಿಲ್ಲ. ಕೇಳದೆ ಹೋದವರು ಬಳೆ ತೊಟ್ಟವರೂ ತೊಡಿಸಿದ ಮನೆಯವರೂ.

ಇದು ಮುಗಿದುಹೋದ ಕಾಲದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸಂಡೂರಿನಲ್ಲಿ ಲಂಬಾಣಿ ಸ್ತ್ರೀಯರ ಕಸೂತಿಯ ಕೆಲಸವು ನಡೆಯುತ್ತಿದೆ. 1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಅದಕ್ಕೆ ಆಶ್ರಯವನ್ನು ಕೊಟ್ಟಿತು. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ಸೇರಿದಾಗ ಈ ಸ್ತ್ರೀಯರ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದುದನ್ನು ವಾಚಕರು ಬಲ್ಲರು. ಈ ಕಸೂತಿಯ ಜೀವವೆಲ್ಲ ಅದರಲ್ಲಿ ಕೂಡಿಸಿದ ಕನ್ನಡಿಯ ಬಿಲ್ಲೆಗಳಲ್ಲಿದೆ. ಗಾಜಿಗೆ ತೂತಿಲ್ಲ, ಸೂಜಿ ಅದರ ಮೂಲಕ ಹಾಯುವಂತಿಲ್ಲ. ಆದುದರಿಂದ ಬಿಲ್ಲೆಯ ಮೇಲೆ ದಾರಗಳನ್ನು ಅಡ್ಡಡ್ಡವಾಗಿ ಎಳೆದು ಮೊದಲು ಒಂದು ಬಲೆಯನ್ನು ಮಾಡಿ, ಆ ಬಲೆಯನ್ನು ಹಿಡಿದುಕೊಂಡು ಸುತ್ತಲೂ ಹೊಲಿದು ಅಂಚನ್ನು ಬಿಗಿಯುತ್ತಾರೆ. ನ್ಯೂಯಾರ್ಕಿನ ಹೆಂಗಸರು ಗಾಜಿನ ಅಂಚಿಗೆ ತಾಮ್ರವನ್ನು ಸುತ್ತಿದರು, ಸಂಡೂರಿನ ಹೆಂಗಸರು ನೂಲನ್ನು ಸುತ್ತುತ್ತಾರೆ. ಒಡೆಯುವ ವಸ್ತುವನ್ನು ಒಡೆಯದಂತೆ ಹಿಡಿಯುವುದಕ್ಕೆ ಅಂಚನ್ನೇ ಹಿಡಿಯಬೇಕೆಂದು ಇಬ್ಬರಿಗೂ ಯಾರು ಹೇಳಿಕೊಟ್ಟರೋ! ಕೈಗೆ ತನ್ನದೇ ಆದ ಒಂದು ಬುದ್ಧಿಯುಂಟೆಂದು ಇಂತಹ ಸಂದರ್ಭಗಳಲ್ಲಿ ನನಗೆ ಅನ್ನಿಸುವುದುಂಟು.

ಈ ಕಸೂತಿಗೆ ಸರ್ಕಾರದ ಕಾನೂನಿನಂತೆ ಭೌಗೋಳಿಕ ಸೂಚಿಯೂ ದೊರೆತಿದೆ. ಅದರ ಅರ್ಥವೇನೆಂದರೆ, ಸಂಡೂರು ಲಂಬಾಣಿ ಕಸೂತಿ ಎಂಬ ಹೆಸರನ್ನು ಬೇರೆ ಊರಿನ ಯಂತ್ರದ ಮಾಲಿಗೆ ಅಂಟಿಸಿ ಮಾರುವಂತಿಲ್ಲ. ಇದು ಬಹು ಒಳ್ಳೆಯ ಏರ್ಪಾಡು. ಒಡೆಯನ ಹೆಸರಿಗೆ ಬದಲಾಗಿ ಊರಿನ ಹೆಸರೂ ಸಮುದಾಯದ ಹೆಸರೂ ವಸ್ತುವಿನ ಮೇಲೆ ನಿಂತದ್ದು ದೊಡ್ಡ ಮಾತು. ಆದರೂ ಇಲ್ಲಿಗೇ ತೃಪ್ತರಾಗಬಾರದು. ನಾವು ಸಂಕಲ್ಪವನ್ನು ಮಾಡುವಾಗ ಗೋತ್ರವನ್ನು ಹೇಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಗೋತ್ರದ ಬೆನ್ನಿಗೇ ಹೆಸರನ್ನೂ ಹೇಳುತ್ತೇವೆ. ಭೌಗೋಳಿಕ ಸೂಚಿಯು ಗೋತ್ರವಿದ್ದಂತೆ. ಈ ತೋರಣವನ್ನು, ಈ ದಿಂಬಿನ ಹೊದಿಕೆಯನ್ನು, ಈ ಚೀಲವನ್ನು ಹೊಲಿದಾಕೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಒಳಮಗ್ಗುಲಿಗೆ ಹೊಲಿದರೆ ಖರ್ಚು ಎಷ್ಟಾದೀತು? ಬೇಡವೆನ್ನುವ ಹಕ್ಕು ಆಕೆಗೆ ಇರಲಿ. ಸಂಕೋಚದಿಂದಲೋ ಬೇರೆ ಯಾವ ಕಾರಣದಿಂದಲೋ ಬೇಡವೆನ್ನುವವರು ಇದ್ದಾರು. ಆದರೆ ಕೇಳಿದ ಮೇಲೆ ಬೇಡವೆನ್ನುವುದು ಬೇರೆ. ಮಾರುವವರು ಇದನ್ನು ಮಾಡದಿದ್ದರೆ ಕೊಳ್ಳುವವರು ಕೇಳಬಹುದು. ನಮ್ಮ ವಿದ್ಯಾವಂತರ ಮನೆಗಳಲ್ಲಿ ಸೀರೆಯ ಜರಿ ಶುದ್ಧವೇ, ತುಪ್ಪ ಬೆರಕೆಯೇ ಎಂದು ಹತ್ತು ಪ್ರಶ್ನೆಗಳನ್ನು ಕೇಳುತ್ತೇವೆ. ಅವುಗಳ ಜೊತೆಗೆ ಇದೊಂದನ್ನು ಕೇಳುವುದು ಭಾರವಾಗದು.

ಹೀಗೆ ಹೆಸರಿಸುತ್ತ ಹೋದರೆ ಕೊನೆಯೆಲ್ಲಿ ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಕಸೂತಿ ಹೊಲಿದಾಕೆಯನ್ನು ಹೆಸರಿಸಿದರೆ ನೂಲು ತೆಗೆದವನನ್ನೂ, ಕನ್ನಡಿಗೆ ಗಾಜನ್ನು ಕರಗಿಸಿದವನನ್ನೂ, ಮರಳು ಹೊತ್ತವನನ್ನೂ ಹೆಸರಿಸಬೇಕಾದೀತು, ಇದು ಅನವಸ್ಥಾದೋಷವಲ್ಲವೇ ಎಂದು ಅವರ ವಾದ. ಮತ್ತೆ ಯಾಗಶಾಲೆಗೇ ಹೋಗಿ ನೋಡಬೇಕು. ಅಲ್ಲಿ ಸಮಿತ್ತನ್ನು ಕಡಿದು ತಂದವನಿಗೆ ವರಣವಿಲ್ಲ. ಯಾರ ಜ್ಞಾನವು ಕರ್ಮದ ರೂಪವನ್ನು ನಿರ್ಣಯಿಸುವುದೋ, ಯಾರು ತಪ್ಪಿದರೆ ಕರ್ಮವೇ ಕೆಡುವುದೋ ಅವರಿಗೆ ವರಣ. ಗೊಂಚಲಿನ ಯಾವ ಎಸಳಿಗೆ ಯಾವ ನೇರಳೆ ಎಂದು ಆರಿಸಿದವಳೂ, ಯಾವ ಬಣ್ಣದ ಬಟ್ಟೆಯ ಮೇಲೆ ಕನ್ನಡಿ ಎಲ್ಲಿ ಕೂರಬೇಕೆಂದು ನಿಶ್ಚಯಿಸಿದವಳೂ ಇಂತಹವರು. ಮರಳು ಹೊತ್ತವನಿಗೆ ಸಲ್ಲಬೇಕಾದುದು ಮತ್ತೊಂದಿದೆ. ದೋಣಿಮಲೈಯಲ್ಲಿ ಅದಿರನ್ನು ಅಗೆದವನ ಹೆಸರನ್ನು ಅದಿರಿನ ಮೇಲೆ ಬರೆಯಬೇಕೆಂದು ನಾನೂ ಹೇಳುವುದಿಲ್ಲ. ಅವನ ಪ್ರಶ್ನೆ ಹೆಸರಿನದಲ್ಲ. ಕೂಲಿಯದು, ಕೆಂಪು ಧೂಳು ಕುಡಿದ ಎದೆಯದು. ಅದನ್ನು ವಿಚಾರಿಸುವುದಕ್ಕೆ ಬೇರೆ ಅಧಿಕರಣವೇ ಬೇಕು. ಅವಕಾಶವಾದರೆ ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.